ನಾಲ್ಕು ಖಾಲಿ ಕೊಕ್ಕೆ

ಪ್ರತಿ ತಿಂಗಳ ಮೊದಲ ಸೋಮವಾರ ನಮ್ಮ ಗಣಿಯಲ್ಲಿ ನಾಲ್ಕು ಜನ ಸಾಯುತ್ತಿದ್ದರು. ಸತ್ತು, ಎದ್ದು, ಮೈ ಕೊಡವಿಕೊಂಡು ಚಹಾ ಕುಡಿಯುತ್ತಿದ್ದರು.

ಅದಕ್ಕೆ ಬೆಂಕಿ ತಾಲೀಮು ಅಂತ ಹೆಸರು. ಸೈರನ್ ಕೂಗಬೇಕು. ಕೆಂಪು ಟೊಪ್ಪಿಗೆಯವರು ಓಡಬೇಕು. ನಾಲ್ಕು ಜನರನ್ನು ಸ್ಟ್ರೆಚರ್ ಮೇಲೆ ಹೊತ್ತು ತರಬೇಕು. ಎಷ್ಟು ನಿಮಿಷವಾಯಿತು ಅಂತ ಬೆಂಕಿ ಸಾಹೇಬರು ಗಡಿಯಾರ ಹಿಡಿದು ನೋಡಬೇಕು. ಆಮೇಲೆ ಫೋಟೋ. ಗಡಿಯಾರ ಹಿಡಿದ ಆ ಮನುಷ್ಯನ ಹುದ್ದೆಗೆ ಒಂದು ಮಾರುದ್ದದ ಹೆಸರಿತ್ತು. ಕಲ್ಲಿದ್ದಲಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳುವುದು, ಬಿದ್ದರೆ ಆರಿಸುವುದು, ಎಲ್ಲ ಅವರ ಹೊಣೆ. ನಮ್ಮ ಬಾಯಲ್ಲಿ ಅವರು ಬೆಂಕಿ ಸಾಹೇಬರಾಗಿದ್ದರು. ಕೆಂಪು ಟೊಪ್ಪಿಗೆಯವರೆಲ್ಲ ಕಾಯಂ ನೌಕರರು, ಅದರಲ್ಲೂ ಅರ್ಧ ಜನ ಕಚೇರಿಯಲ್ಲಿ ಕುರ್ಚಿ ಬಿಸಿ ಮಾಡುವವರು. ಸಾಯುವವರು ಮಾತ್ರ ಯಾವಾಗಲೂ ನಮ್ಮವರು. ಗುತ್ತಿಗೆಯವರು.

ನನ್ನ ತಮ್ಮ ಸಾಯುವುದರಲ್ಲಿ ಭಾರಿ ಹುಷಾರಿ. ಕಡ್ಡಿ ಹಾಗಿದ್ದ, ಹೊರಲು ಹಗುರ, ಅದಕ್ಕೇ ಪ್ರತಿಸಲ ಅವನನ್ನೇ ಕರೆಯುತ್ತಿದ್ದರು. ಮುರಿದದ್ದು, ಹರಿದದ್ದು ಏನೇ ಕೊಟ್ಟರೂ ತಂತಿ ಸುತ್ತಿ ಸರಿ ಮಾಡುತ್ತಿದ್ದ. ಕಿತ್ತುಹೋದ ಚಪ್ಪಲಿಯ ಬಾರಿಗೂ ತಂತಿ. ಅದರಿಂದ ಅವನ ಹೆಸರೇ ತಂತಿ ಆಯಿತು. ಒಂದು ಸಲ ಫೋಟೋ ತೆಗೆಯುವ ಹೊತ್ತಿಗೆ ಸ್ಟ್ರೆಚರ್ ಮೇಲೆ ಮಲಗಿದವನು ಒಂದು ಕಣ್ಣು ಬಿಟ್ಟು, "ಸಾಹೇಬ್ರೇ, ಸತ್ತೋರ ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕ್ಸಿ" ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಂಕಿ ಸಾಹೇಬರೂ ನಕ್ಕರು. "ಹೆಣ ಮಾತಾಡಬಾರದು ಕಣೋ" ಅಂದರು.

ನಾನೂ ನಕ್ಕಿದ್ದೆ. ಈಗ ಅದನ್ನು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನನ್ನದು ದೀಪದ ಕೋಣೆಯ ಕೆಲಸ. ಹಣೆಗೆ ಕಟ್ಟಿಕೊಳ್ಳುವ ದೀಪಗಳನ್ನು ಒರೆಸಿ, ಚಾರ್ಜಿಗೆ ಹಾಕಿ, ಪಾಳಿಗೆ ಇಳಿಯುವವರಿಗೆ ಕಿಟಕಿಯಿಂದ ಕೊಡುವುದು. ಮೇಲೆ ಬಂದವರಿಂದ ತೆಗೆದುಕೊಂಡು ಮತ್ತೆ ಕೊಕ್ಕೆಗೆ ಹಾಕುವುದು. ಎಂಟು ವರ್ಷ ಮಾಡಿದೆ. ಕಲ್ಲಿದ್ದಲ ಪುಡಿ ನನ್ನ ಉಗುರು ಸಂದಿಯಿಂದ ಈಗಲೂ ಹೋಗಿಲ್ಲ. ಮುಂದಿನ ಗೋಡೆಯ ಹೊಸ ದೀಪಗಳು ಕಾಯಂನವರಿಗೆ. ಹಿಂದಿನ ಗೋಡೆಯ ಹಳೆಯವು ನಮ್ಮವರಿಗೆ. ಕಾಯಂನವನಿಗೆ ದೀಪದ ಜೊತೆ ಒಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವಾಗ ಗಣಿಯ ಬಾಯಲ್ಲಿರುವ ಬೋರ್ಡಿಗೆ ಅದನ್ನು ತಗುಲಿಸಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು. ಬೋರ್ಡಿನಲ್ಲಿ ಬಿಲ್ಲೆ ಇದ್ದರೆ ಮನುಷ್ಯ ಒಳಗಿದ್ದಾನೆ ಅಂತ ಅರ್ಥ. ಹೊಗೆಯಲ್ಲಿ ಸಿಕ್ಕಿಕೊಂಡರೆ ಉಸಿರಾಡಲು ಅವನ ಸೊಂಟಕ್ಕೆ ಒಂದು ಡಬ್ಬಿಯೂ ಇರುತ್ತಿತ್ತು.

ನಮ್ಮವರಿಗೆ ಬಿಲ್ಲೆ ಇಲ್ಲ. ಡಬ್ಬಿ ಇಲ್ಲ. ಹೆಗಲ ಮೇಲೊಂದು ಟವೆಲ್. ಬಟ್ಟೆ ಇಡಲು ಬೀರೂ ಕೂಡ ಇಲ್ಲ. ನನ್ನ ಕಿಟಕಿಯ ಕೆಳಗೆ ಚಪ್ಪಲಿ ಬಿಟ್ಟು, ಹಿಂದಿನ ಪಾಳಿಯವನು ಕಳಚಿಟ್ಟ ಬೆವರಿನ ಬೂಟಿಗೆ ಕಾಲು ತೂರಿಸಿಕೊಂಡು ಇಳಿಯುತ್ತಿದ್ದರು. ಒಳಗೆ ಎಷ್ಟು ಜನ ನಮ್ಮವರಿದ್ದಾರೆ ಅಂತ ನಾನು ಹೇಳುತ್ತಿದ್ದದ್ದು ಚಪ್ಪಲಿ ನೋಡಿ.

ತಂತಿಯ ಗುಂಪಿನಲ್ಲಿ ನಾಲ್ಕು ಜನ. ಅವನು, ಒಬ್ಬ ಕೆಮ್ಮಿನಜ್ಜ, ಮತ್ತೆ ಜಗಳವಾಡದೆ ಒಂದು ದಿನವೂ ಇಳಿಯದ ಅಣ್ಣ ತಮ್ಮ ಇಬ್ಬರು. ಕಲ್ಲಿದ್ದಲನ್ನು ಮೇಲಕ್ಕೆ ಸಾಗಿಸುವ ಉದ್ದನೆಯ ಬೆಲ್ಟಿನ ಕೆಳಗೆ ಉದುರಿದ ಪುಡಿಯನ್ನು ಸಲಿಕೆಯಿಂದ ಬಾಚಿ ತೆಗೆಯುವುದು ಅವರ ಕೆಲಸ. ನಿಂತು ಮಾಡುವ ಹಾಗಿಲ್ಲ, ಕುಳಿತೂ ಮಾಡುವ ಹಾಗಿಲ್ಲ. ಬೆಲ್ಟಿನಡಿ ಕಪ್ಪೆಯ ಹಾಗೆ ತೆವಳಬೇಕು. ಅವನ ಮೊಣಕಾಲು, ಮೊಣಕೈ ಎರಡೂ ಸುಲಿದು ಕರ್ರಗಾಗಿದ್ದವು.

ಆ ಬೆಲ್ಟಿನ ಒಂದು ರೋಲರು ಕೆಟ್ಟಿತ್ತು. ತಿರುಗುತ್ತಿರಲಿಲ್ಲ. ನಿಂತ ರೋಲರಿನ ಮೇಲೆ ಬೆಲ್ಟು ಉಜ್ಜಿ ಉಜ್ಜಿ ಅದು ಕಾಯುತ್ತಿತ್ತು. ತಂತಿ ಮೊದಲ ದಿನವೇ ಮೇಲ್ವಿಚಾರಕನಿಗೆ ಹೇಳಿದ್ದ.

"ಬೆಲ್ಟ್ ನಿಲ್ಸಿದ್ರೆ ಕಲ್ಲಿದ್ದಲು ನಿಮ್ಮಪ್ಪ ಹೊರ್ತಾನಾ? ನಿನ್ನ ಕೆಲಸ ಸಲಿಕೆ. ಸಲಿಕೆ ನೋಡ್ಕೋ" ಅಂದನಂತೆ ಅವನು.

ಎರಡನೇ ಸಲ ಹೇಳಿದಾಗಲೂ ಅದೇ ಉತ್ತರ. ಮೂರನೇ ಸಲ ಹೇಳಲಿಲ್ಲ. ಬದಲಿಗೆ ಆ ರೋಲರಿನ ಪಕ್ಕದ ಕಬ್ಬಿಣದ ಮೇಲೆ ಊಟದ ಡಬ್ಬಿ ಇಟ್ಟರು. ಡಬ್ಬಿ ಬಿಸಿಯಾಯಿತು. ಅಲ್ಲಿಂದ ದಿನಾ ಅದೇ ಒಲೆ. ಎಷ್ಟೋ ವರ್ಷ ತಣ್ಣಗಿನ ಅನ್ನ ತಿಂದವರು ಅವರು.

"ಅಕ್ಕಾ, ಇನ್ಮೇಲೆ ಬೆಳಗ್ಗೆ ಬಿಸಿ ಮಾಡೋ ಕಷ್ಟ ತಗೋಬೇಡ. ಕಂಪನಿಯೇ ಬಿಸಿ ಮಾಡಿ ಕೊಡತ್ತೆ" ಅಂದ ತಂತಿ, ಖುಷಿಯಿಂದ.

ನಾನು, "ಹಾಗಾದ್ರೆ ನಾಳೆಯಿಂದ ಸಾರು ಜಾಸ್ತಿ ಹಾಕ್ತೀನಿ" ಅಂದೆ. ಹಾಕಿದೆ ಕೂಡ. ಎಂಟು ವರ್ಷ ಗಣಿಯಲ್ಲಿ ದುಡಿದವಳು, ಕಲ್ಲಿದ್ದಲ ಪುಡಿಯ ನಡುವೆ ಕಬ್ಬಿಣ ಕಾಯುತ್ತಿದೆ ಅಂದರೆ ಏನರ್ಥ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನು ಬಿಸಿ ಊಟ ಮಾಡುತ್ತಾನಲ್ಲ ಅನ್ನುವುದೇ ನನಗೆ ದೊಡ್ಡದಾಗಿ ಕಂಡಿತು.

ಅವತ್ತು ಬೆಳಗ್ಗೆ ಹನ್ನೊಂದಕ್ಕೆ ಸೈರನ್ ಕೂಗಿತು. ಸೋಮವಾರವಲ್ಲ. ಗುರುವಾರ.

ಕಾಯಂನವರು ಓಡುತ್ತಾ ಬಂದರು. ಮುಖವೆಲ್ಲ ಮಸಿ, ಕಣ್ಣು ಕೆಂಪು. ದೀಪಗಳನ್ನು ಕಿಟಕಿಯೊಳಗೆ ಎಸೆದು ಹೋದರು. ಬೆಲ್ಟಿಗೆ ಬೆಂಕಿ ಹತ್ತಿದೆ ಅಂದರು. ಶುರುವಾದಾಗ ಒಂದು ಮಂಚದಷ್ಟು ಜಾಗದಲ್ಲಿತ್ತಂತೆ. ಕೆಂಪು ಟೊಪ್ಪಿಗೆಯವರು ನೀರಿನ ಪೈಪು ಬಿಚ್ಚಿ ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು, ಒಂದಿಷ್ಟು ತುಕ್ಕು ಬಿತ್ತು, ಅಷ್ಟೇ. ಆ ನೀರನ್ನು ಎರಡು ತಿಂಗಳಿಂದ ಕಚೇರಿ ಮುಂದಿನ ಹುಲ್ಲಿಗೆ ತಿರುಗಿಸಿದ್ದರು. ಬೇಸಿಗೆ ನೋಡಿ, ಹುಲ್ಲು ಒಣಗುತ್ತಿತ್ತು. ಮರಳಿನ ಬಕೆಟ್ಟುಗಳಲ್ಲಿ ಬೀಡಿ ತುಂಡು, ಉಗುಳು. ಕೆಂಪು ಟೊಪ್ಪಿಗೆಯವರು ಟೊಪ್ಪಿಗೆ ಸಮೇತ ಮೇಲೆ ಓಡಿ ಬಂದರು.

ಮುಂದಿನ ಗೋಡೆಯ ಕೊಕ್ಕೆಗಳೆಲ್ಲ ತುಂಬಿದವು. ಹಿಂದಿನ ಗೋಡೆಯಲ್ಲಿ ನಾಲ್ಕು ಖಾಲಿ ಉಳಿದವು. ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ನಾಲ್ಕು ಜೊತೆ ಚಪ್ಪಲಿ. ಕೊನೆಯ ಜೊತೆಯ ಎಡಗಾಲಿಗೆ ತಂತಿ.

ಬೆಂಕಿ ಸಾಹೇಬರು ಗಣಿಯ ಬಾಯಲ್ಲಿ ಬೋರ್ಡಿನ ಮುಂದೆ ನಿಂತಿದ್ದರು. ಓಡಿದೆ.

"ಸಾಹೇಬ್ರೇ, ನಾಲ್ಕು ದೀಪ ಬಂದಿಲ್ಲ."

"ಬೋರ್ಡ್ ಖಾಲಿ ಇದೆಯಮ್ಮ. ಒಳಗೆ ಯಾರೂ ಇಲ್ಲ."

"ನಮ್ಮೋರಿಗೆ ಬಿಲ್ಲೆ ಕೊಟ್ಟಿದ್ರೆ ತಾನೇ ಬೋರ್ಡಲ್ಲಿ ಇರೋದು? ಬೆಲ್ಟಿನ ಆ ಕೊನೇಲಿದ್ದಾರೆ. ನನ್ನ ತಮ್ಮ ಇದ್ದಾನೆ. ನಿಮ್ಮ ಮುಂದೆ ತಿಂಗಳಿಗೊಂದು ಸಲ ಸಾಯ್ತಿದ್ನಲ್ಲ, ಅವನೇ!"

"ದೀಪ ಎಲ್ಲೋ ಬಿಸಾಕಿ ಮನೆಗೆ ಓಡಿರ್ತಾರೆ. ನಿಮ್ಮೋರ ಹಣೆಬರಹ ನಂಗೊತ್ತಿಲ್ವಾ?"

"ಚಪ್ಪಲಿ ಬಿಟ್ಟು ಓಡ್ತಾರಾ? ಬನ್ನಿ, ನೋಡಿ ಬನ್ನಿ. ನೂರು ಹೆಜ್ಜೆ ಇಲ್ಲ."

ಬರಲಿಲ್ಲ. ನೂರು ಹೆಜ್ಜೆ ಬರಲಿಲ್ಲ ಆ ಮನುಷ್ಯ. ಗೋಡೆ ಕಟ್ಟಲು ಹೇಳಿ ಕಳಿಸಿದರು.

ಗಣಿಯ ಬೆಂಕಿ ನೀರಿಗೆ ಬಗ್ಗದಿದ್ದರೆ ಕೊನೆಯ ಮದ್ದು ಗೋಡೆ. ದಾರಿಗೆ ಅಡ್ಡ ಇಟ್ಟಿಗೆ ಕಟ್ಟಿ ಗಾಳಿ ನಿಲ್ಲಿಸಿದರೆ ಬೆಂಕಿ ಉಸಿರು ಕಟ್ಟಿ ಸಾಯುತ್ತದೆ. ಒಳಗೆ ಬೇರೆ ಯಾರಾದರೂ ಉಸಿರಾಡುತ್ತಿದ್ದರೆ ಅವರೂ ಸಾಯುತ್ತಾರೆ. ಆ ಗೋಡೆ ಕಟ್ಟುವ ಗಾರೆಯವನೂ ಗುತ್ತಿಗೆಯವನೇ. ಅವನು ನನ್ನ ಗಂಡ.

ಕರಣೆ ಹಿಡಿದುಕೊಂಡು ಬಂದವನ ಅಂಗಿ ಹಿಡಿದೆ. "ತಂತಿ ಒಳಗಿದಾನೆ. ಕಟ್ಬೇಡ."

ಅವನು ನನ್ನ ಕೈ ಹಿಡಿದುಕೊಂಡ. "ಕಟ್ಟಲ್ಲ ಕಣೇ. ನಾನು ಹೇಳ್ತೀನಿ ಅವರಿಗೆ. ನಿನ್ನಾಣೆ ಕಟ್ಟಲ್ಲ" ಅಂದ. ಇಳಿದು ಹೋದ. ನಾನು ಹಿಂದೆಯೇ ನುಗ್ಗಿದೆ. ಹೆಂಗಸರು ಇಳಿಯುವ ಹಾಗಿಲ್ಲ ಅಂತ ಕಾವಲಿನವರಿಬ್ಬರು ತೋಳು ಹಿಡಿದು ಎಳೆದು ಕೂರಿಸಿದರು. ಕೂತೆ. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಗಣಿಯ ಬಾಯಿಂದ ಬರುತ್ತಿದ್ದ ಹೊಗೆ ಮೊದಲು ದಪ್ಪಗಿತ್ತು. ಮೂರು ಗಂಟೆಗೆ ತೆಳ್ಳಗಾಯಿತು. ಆಮೇಲೆ ನಿಂತಿತು. ಸುತ್ತ ನಿಂತವರು ಸದ್ಯ ಅಂತ ಉಸಿರು ಬಿಟ್ಟರು. ಗೋಡೆ ಮುಗಿದಿದೆ ಅಂತ ನನಗೆ ಗೊತ್ತಾಯಿತು.

ಗಂಡ ಮೇಲೆ ಬಂದ. ಕೈಯೆಲ್ಲ ಸಿಮೆಂಟು. ನನ್ನ ಕಡೆ ನೋಡಲಿಲ್ಲ. ನಾನು ಅವನ ಕೆನ್ನೆಗೆ ಹೊಡೆದೆ. ಎಲ್ಲರ ಎದುರಿಗೆ ಹೊಡೆದೆ. ಹೊಡೆಸಿಕೊಂಡು ನಿಂತ.

ಮನೆಗೆ ಹೋದ ಮೇಲೆ ಹೇಳಿದ. ನಮ್ಮದು ಒಂದೇ ಕೋಣೆ, ತಂತಿಯ ಹಾಸಿಗೆ ಮೂಲೆಯಲ್ಲಿ ಸುತ್ತಿಟ್ಟಿತ್ತು. ಅದಕ್ಕೆ ಬೆನ್ನು ಹಾಕಿ ಕೂತು ಹೇಳಿದ.

"ಕರಣೆ ಕೆಳಗಿಟ್ಟೆ ಕಣೇ. ನಾಲ್ಕು ಜನ ಇದಾರೆ, ಕಟ್ಟಲ್ಲ ಅಂದೆ. ಸಾಹೇಬರು ಮೇಲಿಂದ ಫೋನಲ್ಲಿ, ಗ್ಯಾಸ್ ತುಂಬ್ತಿದೆ, ಹೊತ್ಕೊಂಡ್ರೆ ಗಣಿನೇ ಇರಲ್ಲ ಅಂತಿದ್ರು. ಅವರ ಮಾತಿಗೆ ಕಟ್ಟಲಿಲ್ಲ ನಾನು. ಇಟ್ಟಿಗೆ ಕೊಡೋರು ಐದು ಜನ ಇದ್ರಲ್ಲ, ನಮ್ಮ ಸಾಲುಮನೆ ಹುಡುಗ್ರೇ, ಅವ್ರು ಕಾಲು ಹಿಡ್ಕೊಂಡ್ರು. ಅಣ್ಣಾ, ಹೊತ್ಕೊಂಡ್ರೆ ಮೊದಲು ನಾವು ಸುಡೋದು, ನಮಗೂ ಮಕ್ಕಳಿದಾರೆ, ಬೇಗ ಕಟ್ಟು ಅಂದ್ರು. ಏನ್ ಮಾಡ್ಲಿ ಹೇಳು?"

ನಾನು ತಂತಿಯ ಹಾಸಿಗೆಯನ್ನು ಎಳೆದು ಮಡಿಲಲ್ಲಿಟ್ಟುಕೊಂಡೆ.

"ಕೊನೇ ಇಟ್ಟಿಗೆ ಇಡೋ ಮುಂಚೆ ಆ ತೂತಿಗೆ ಬಾಯಿಟ್ಟು ಕೂಗಿದೆ. ತಂತೀ ಅಂತ ಮೂರು ಸಲ ಕೂಗಿದೆ."

"ಏನಾದ್ರೂ ಕೇಳಿಸ್ತಾ?"

"ಇಲ್ಲ" ಅಂದ.

ಇಲ್ಲ ಅನ್ನುವುದಕ್ಕೆ ಮುಂಚೆ ಅವನು ಎಷ್ಟು ಹೊತ್ತು ಸುಮ್ಮನಿದ್ದ ಅನ್ನುವುದನ್ನು ನಾನು ಮರೆತಿಲ್ಲ. ಮತ್ತೆ ಕೇಳಲಿಲ್ಲ. ಕೇಳುವ ಧೈರ್ಯ ನನಗಿಲ್ಲ, ಈಗಲೂ ಇಲ್ಲ.

"ಹಸಿ ಸಿಮೆಂಟಿನ ಮೇಲೆ ಕರಣೆ ತುದೀಲಿ ನಾಲ್ಕು ಗೆರೆ ಎಳೆದಿದೀನಿ. ಯಾರಾದ್ರೂ ನೋಡ್ಲಿ ಅಂತ" ಅಂದ. ಆಮೇಲೆ ಗೋಡೆಗೆ ಹಣೆ ಒತ್ತಿ ಅತ್ತ.

ನಾಲ್ಕನೇ ದಿನ ಬೆಂಕಿ ಸಾಹೇಬರೇ ದೀಪದ ಕೋಣೆಗೆ ಬಂದರು. ಅವತ್ತು ನೂರು ಹೆಜ್ಜೆ ಬರಲಾಗದ ಕಾಲುಗಳು ಈಗ ಬಂದಿದ್ದವು. ಜೊತೆಗೆ ಗುತ್ತಿಗೆದಾರನ ಕಡೆಯವನು. ಅವನ ಕೈಯಲ್ಲಿ ಒಂದು ಚೀಲ. ಚೀಲದಿಂದ ನಾಲ್ಕು ದೀಪ ತೆಗೆದು ಮೇಜಿನ ಮೇಲಿಟ್ಟ. ಹೊಸ ಬಣ್ಣದಲ್ಲಿ ಬರೆದಿದ್ದರು: ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು.

"ನಾಳೆ ತನಿಖೆಯವರು ಬರ್ತಾರೆ. ಇವನ್ನ ಕೊಕ್ಕೆಗೆ ಹಾಕಮ್ಮ" ಅಂದರು ಸಾಹೇಬರು. ದನಿ ಬೆಣ್ಣೆಯ ಹಾಗಿತ್ತು. "ಕೇಳಿದ್ರೆ ದೀಪ ಎಲ್ಲ ವಾಪಸ್ ಬಂದಿವೆ ಅನ್ನು. ಆಗಿದ್ದು ಆಗಿಹೋಯ್ತು. ನಿನ್ನ ಗಂಡನ್ನ ಕಾಯಂ ಮಾಡ್ಸೋಣ."

ನಾನು ದೀಪಗಳನ್ನು ನೋಡಿದೆ. ನಾಲ್ಕೂ ಹೊಸವು. ಅವರಿಗೆ ಬದುಕಿದ್ದಾಗ ಒಂದು ದಿನವೂ ಹೊಸ ದೀಪ ಸಿಕ್ಕಿರಲಿಲ್ಲ.

"ಹಾಕಲ್ಲ" ಅಂದೆ.

"ಏನಂದೆ?"

"ಹಾಕಲ್ಲ ಅಂದೆ. ಹದಿನೇಳು ಒಳಗಿದೆ. ಹದಿನೆಂಟು, ಹತ್ತೊಂಬತ್ತು ಒಳಗಿವೆ. ಇಪ್ಪತ್ತು ನನ್ನ ತಮ್ಮನ ತಲೆ ಮೇಲಿದೆ. ಗೋಡೆ ಒಡೆಸಿ, ಅವನನ್ನ ತನ್ನಿ, ನಾನೇ ಬಿಚ್ಚಿ ಒರೆಸಿ ಹಾಕ್ತೀನಿ. ಅಲ್ಲೀವರೆಗೆ ಈ ಕೊಕ್ಕೆ ಖಾಲಿ ಇರತ್ತೆ."

"ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?" ಅಂದ ಗುತ್ತಿಗೆದಾರನವನು.

"ಗೊತ್ತು. ಹುಲ್ಲಿಗೆ ನೀರು ಹಾಯಿಸಿ ನನ್ನ ತಮ್ಮನ್ನ ಸುಟ್ಟೋರ ಹತ್ರ."

ಅವನೇ ಹೋಗಿ ದೀಪ ನೇತು ಹಾಕಿದ. ನಾನು ತೆಗೆದು ಕಿಟಕಿಯಿಂದ ಆಚೆ ಎಸೆದೆ. ಮತ್ತೆ ತಂದು ಹಾಕಿದ. ಮತ್ತೆ ಎಸೆದೆ. ಎರಡರ ಗಾಜು ಒಡೆಯಿತು. ಮೂರನೇ ಸಲ ನನ್ನ ಜಡೆ ಹಿಡಿದು ಬಾಗಿಲಿನಾಚೆ ದಬ್ಬಿದರು. ಮೊಣಕಾಲು ತರಚಿತು. ನಾನು ಎದ್ದು ಕಿಟಕಿಯ ಕೆಳಗಿನ ನಾಲ್ಕು ಜೊತೆ ಚಪ್ಪಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದೆ. ಎಂಟು ವರ್ಷದ ಕೆಲಸ ಹಾಗೆ ಮುಗಿಯಿತು.

ಮಾರನೆಯ ದಿನ ದೀಪದ ಕೋಣೆಗೆ ಪಕ್ಕದ ಸಾಲಿನ ಹೆಂಗಸು ಬಂದಳು. ಅವಳಿಗೆ ಮೂರು ಮಕ್ಕಳು, ಗಂಡ ಇಲ್ಲ. ಕೊಕ್ಕೆ ತುಂಬಿತು. ಅವಳನ್ನು ಬೈಯುವ ಬಾಯಿ ನನಗಿಲ್ಲ. ತನಿಖೆಯವರು ಬೋರ್ಡು ನೋಡಿದರು, ಕೊಕ್ಕೆ ನೋಡಿದರು, ಸಾಹೇಬರ ಜೊತೆ ಊಟ ಮಾಡಿದರು. ನಾನು ಗೇಟಿನ ಹೊರಗೆ ಗಂಟಲು ಹರಿಯುವ ಹಾಗೆ ಕೂಗಿದೆ. "ತಮ್ಮ ಓಡಿಹೋದ ಅಂತ ತಲೆ ಕೆಟ್ಟಿದೆ ಪಾಪ" ಅಂತ ಕಾವಲಿನವನು ಅವರಿಗೆ ಹೇಳಿದ. ಕಾಗದದಲ್ಲೂ ಹಾಗೇ ಬರೆದರು. ಗುತ್ತಿಗೆಯ ನಾಲ್ವರು ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗಿದ್ದಾರೆ. ಆ ಗೋಡೆಗೆ ಗಿಲಾವು ಮಾಡಿಸಿದರು. ಗೆರೆಗಳ ಮೇಲೆ ಸಿಮೆಂಟು ಬಳಿದವನು ನನ್ನ ಗಂಡ.

ಒಂದು ವಾರ ಬಿಟ್ಟು ಅವನನ್ನು ಕಾಯಂ ಮಾಡಿದರು. ನಾನು ಒಪ್ಪಲಿಲ್ಲವಲ್ಲ, ಹೇಗೆ ಅಂದೆ. ಗೋಡೆ ಬೇಗ ಕಟ್ಟಿದ್ದಕ್ಕಂತೆ. ಹಿತ್ತಾಳೆ ಬಿಲ್ಲೆ ತಂದು ಚಾಪೆಯ ಮೇಲಿಟ್ಟ. ಕಳ್ಳನ ಹಾಗೆ ಕೂತಿದ್ದ. ಬಿಸಾಕು ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಯೋಚನೆ ಬಂತು. ಇನ್ನು ಇವನು ಒಳಗೆ ಸತ್ತರೆ ಸತ್ತ ಅಂತಾದರೂ ಬೋರ್ಡು ಹೇಳುತ್ತದೆ. ಅಷ್ಟು ಕೀಳಾಗಿ ಯೋಚಿಸುವ ಹಾಗೆ ಮಾಡಿದರು ನನ್ನನ್ನು. ಬಿಲ್ಲೆಯನ್ನು ಮೊಳೆಗೆ ನೇತು ಹಾಕಿದೆ.

ಮೊದಲ ಸೋಮವಾರ ಬಂತು. ಆ ಸಲದ ತಾಲೀಮು ಜೋರು. ದೊಡ್ಡವರು ನೋಡಲು ಬರುತ್ತಾರೆ ಅಂತ ಕಚೇರಿ ಮುಂದೆ ಪೆಂಡಾಲು, ಕುರ್ಚಿ, ಹೊಸ ಕೆಂಪು ಬಣ್ಣ ಬಳಿದ ಬಕೆಟ್ಟುಗಳು. ಗೇಟು ತೆರೆದಿತ್ತು. ಅಂಗಳದ ನಡುವೆ ಎಣ್ಣೆಯ ತೊಟ್ಟಿಗೆ ಬೆಂಕಿ ಹಚ್ಚಲು ಎಲ್ಲ ತಯಾರಾಗಿತ್ತು. ಪಕ್ಕದಲ್ಲಿ ನಾಲ್ಕು ಸ್ಟ್ರೆಚರ್. ಸಾಯಲು ನಾಲ್ಕು ಹೊಸಬರು ನಿಂತಿದ್ದರು.

ನಾನು ಒಳಗೆ ಹೋಗಿ ಸೆರಗಿನ ಗಂಟು ಬಿಚ್ಚಿ ಒಂದೊಂದು ಸ್ಟ್ರೆಚರ್ ಮೇಲೆ ಒಂದೊಂದು ಜೊತೆ ಚಪ್ಪಲಿ ಇಟ್ಟೆ.

"ಇವರು ಸತ್ತಿದಾರೆ. ಇವರನ್ನ ಹೊತ್ಕೊಳ್ಳಿ" ಅಂದೆ.

ಹೊಸಬರು ಚಪ್ಪಲಿ ನೋಡಿದರು, ನನ್ನ ಮುಖ ನೋಡಿದರು. ಒಬ್ಬ ಎರಡು ಹೆಜ್ಜೆ ಹಿಂದೆ ಸರಿದ. ಉಳಿದ ಮೂವರೂ ಸರಿದರು. ಮಲಗಲಿಲ್ಲ. ಅಷ್ಟು ಹೊತ್ತು, ಒಂದು ನಿಮಿಷವೋ ಅರ್ಧ ನಿಮಿಷವೋ, ಗುತ್ತಿಗೆಯ ನಾಲ್ಕು ಗಂಡಾಳುಗಳು ಸಾಯಲು ಒಪ್ಪದೆ ನಿಂತಿದ್ದರು.

"ನಾಳೆಯಿಂದ ಕೆಲಸ ಬೇಡ್ವೇನ್ರೋ? ಮಲಗ್ರೋ!" ಅಂತ ಗುತ್ತಿಗೆದಾರನವನು ಕಿರುಚಿದ.

ಮಲಗಿದರು. ಮಲಗುವಾಗ ಒಬ್ಬೊಬ್ಬರೂ ಚಪ್ಪಲಿಗಳನ್ನು ಮೆತ್ತಗೆ ಎತ್ತಿ ನೆಲದ ಮೇಲಿಟ್ಟರು. ನನ್ನನ್ನು ಇಬ್ಬರು ಹಿಡಿದುಕೊಂಡರು. ಸೈರನ್ ಕೂಗಿತು. ತೊಟ್ಟಿಗೆ ಬೆಂಕಿ ಹಚ್ಚಿದರು. ಕೆಂಪು ಟೊಪ್ಪಿಗೆಯವರು ಓಡಿ ಬಂದು ಪೈಪು ಬಿಚ್ಚಿ ನಲ್ಲಿ ತಿರುಗಿಸಿದರು.

ನೀರು ಬಂತು.

ಧೋ ಅಂತ ಬಂತು. ಇಬ್ಬರು ಹಿಡಿದರೂ ಪೈಪು ಕೈಗೆ ನಿಲ್ಲಲಿಲ್ಲ. ಬೆಂಕಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆರಿತು. ಆರಿದ ಮೇಲೂ ನೀರು ಸುರಿಯುತ್ತಲೇ ಇತ್ತು. ಅಂಗಳವೆಲ್ಲ ನೀರು, ಕುರ್ಚಿಯ ಕಾಲಿನವರೆಗೆ ನೀರು. ಬೆಂಕಿ ಸಾಹೇಬರು ಗಡಿಯಾರ ನೋಡಿ, "ಎರಡೂವರೆ ನಿಮಿಷ!" ಅಂದರು. ಪೆಂಡಾಲಿನವರು ಚಪ್ಪಾಳೆ ತಟ್ಟಿದರು.

ಚಪ್ಪಲಿಗಳು ತೇಲಿಕೊಂಡು ಮೋರಿಯ ಕಡೆ ಹೊರಟವು. ನಾನು ಕೈ ಕೊಸರಿಕೊಂಡು ನೀರಿಗೆ ಬಿದ್ದೆ. ತೆವಳಿ, ತಡಕಿ, ಒಂದೊಂದಾಗಿ ಹಿಡಿದೆ. ಏಳು ಸಿಕ್ಕಿದವು. ತಂತಿ ಸುತ್ತಿದ್ದು ಮುಂದೆ ಮುಂದೆ ಹೋಗುತ್ತಿತ್ತು. ಅದು ಕೊನೆಯ ಸ್ಟ್ರೆಚರ್ ಪಕ್ಕಕ್ಕೆ ಬಂದಾಗ ಅದರ ಮೇಲೆ ಸತ್ತು ಮಲಗಿದ್ದವನು ಕಣ್ಣು ಬಿಟ್ಟ. ಚಪ್ಪಲಿಗೆ ಕೈ ಚಾಚಿದ. ಬೆರಳು ಬಾರಿಗೆ ತಗುಲಿತು.

"ಏಯ್, ಹೆಣ ಅಲ್ಲಾಡಬಾರದು! ಫೋಟೋ ತೆಗೀತಿದಾರೆ" ಅಂದರು ಬೆಂಕಿ ಸಾಹೇಬರು.

ಅವನು ಕೈ ಹಿಂದಕ್ಕೆ ತೆಗೆದುಕೊಂಡು ಕಣ್ಣು ಮುಚ್ಚಿದ. ಚಪ್ಪಲಿ ಮೋರಿಗೆ ಹೋಯಿತು.